ಗಣಿ, ಪ್ಲಾಂಟೇಶನ್ ಬಂದ ಮೇಲೆ ಊರು ಹೇಗೆ ಬದಲಾಗುತ್ತದೆ?

ಕೋಲಾರದ ಚಿನ್ನದ ಗಣಿ ಊರು ಕೆಜಿಎಫ್ ನೋಡಿ. 1880ರ ದಶಕದಲ್ಲಿ ಬ್ರಿಟಿಷ್ ಕಂಪನಿ ದೊಡ್ಡದಾಗಿ ಚಿನ್ನ ತೆಗೆಯತೊಡಗಿತು. ಬಂಡೆ, ಕುರುಚಲು ಗಿಡಗಳಿದ್ದ ಜಾಗ ಊರಾಯಿತು. ಕೂಲಿಗೆ ಬಂದವರು ಹೆಚ್ಚಾಗಿ ತಮಿಳು ಸೀಮೆಯ ದಲಿತರು. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋಗಿದ್ದು ಇಲ್ಲಿಗೇ. ಬೆಂಗಳೂರಿಗೆ ಬಂದಿದ್ದು 1905ರಲ್ಲಿ! ಆದರೆ ಬಂಗಲೆ, ಕ್ಲಬ್ಬು ಸಾಹೇಬರಿಗೆ; ಸಾಲುಮನೆ ಕೂಲಿಗಳಿಗೆ. ಕಲ್ಲಿನ ದೂಳು ಕುಡಿದವರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬೇರೆ.

2001ರಲ್ಲಿ ಗಣಿ ಮುಚ್ಚಿತು. ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿ ಗುಡ್ಡವಾಗಿ ನಿಂತಿದೆ, ಜೋರು ಗಾಳಿಗೆ ಮನೆಯೊಳಗೇ ಬರುತ್ತದೆ. ಎಷ್ಟೋ ಜನ ದಿನಾ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ.

ಕಾಫಿ ತೋಟದ ಬದಲಾವಣೆ ಇಷ್ಟು ಕಣ್ಣಿಗೆ ಹೊಡೆಯುವುದಿಲ್ಲ. ಹಸಿರು ಹಾಗೇ ಇರುತ್ತದೆ ಅಲ್ವಾ? ಆದರೆ ಕೊಡಗಿನಲ್ಲಿ ಕಾಡುಮರ ಹೋಗಿ ಸಿಲ್ವರ್ ಓಕ್ ಎಂಬ ಹೊರದೇಶದ ಮರ ಬಂದ ತೋಟಗಳು ಜಾಸ್ತಿ. ಅಲ್ಲೂ ಕೂಲಿಗಳಿಗೆ ಲೈನ್ ಮನೆಯೇ.