ಲಿವರ್ ಆಪರೇಷನ್‌ಗೆ ಮೊದಲು ಅಪ್ಪನಿಗೆ ಬರೀ ಗಂಜಿ ಸಾಕಾ?

ಅಪ್ಪನಿಗೆ ಲಿವರ್ ಕ್ಯಾನ್ಸರ್, ಮೂರು ವಾರಕ್ಕೆ ಆಪರೇಷನ್, ನೆಂಟರೆಲ್ಲ ಬೇಳೆ-ಮೊಟ್ಟೆ ಬಿಡಿಸಿ ಗಂಜಿ ಕೊಡಿ ಅಂತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ದಾವಣಗೆರೆಯಲ್ಲಿ ನಮ್ಮ ದೊಡ್ಡಪ್ಪನನ್ನು ಇದೇ ಕಾಯಿಲೆಯಲ್ಲಿ ನೋಡಿಕೊಂಡವನು. ಆ ಗಂಜಿಯ ತಪ್ಪನ್ನು ನಾವೂ ಮಾಡಿದ್ದೆವು.

ಲಿವರ್ ಅಂದ ತಕ್ಷಣ ನಮ್ಮ ಕಡೆ ಕಾಮಾಲೆ ಪಥ್ಯ ಶುರು ಅಲ್ವಾ? ಬರೀ ಗಂಜಿ, ಮಜ್ಜಿಗೆ. ತೂಕ 50 ಕೆಜಿಯಿಂದ ಇಳಿಯಲಿಲ್ಲ, ಹಾಗಾಗಿ ನಮಗೆ ಧೈರ್ಯ. ಆದರೆ ದೊಡ್ಡಪ್ಪ ಕೈ ಎತ್ತಿದರೆ ವಾಚು ಜಾರಿ ಮೊಣಕೈ ಹತ್ತಿರ ಬರುತ್ತಿತ್ತು. ಸರ್ಜನ್ ಕಣ್ಣಿಗೆ ಬಿದ್ದದ್ದು ಅದೇ. ಊದಿದ ಪಾದವನ್ನು ಒತ್ತಿ ತೋರಿಸಿ, "ಈ ತೂಕ ನೀರಿಂದು, ಮಾಂಸಖಂಡ ಕರಗಿದೆ" ಅಂದರು. ಆಪರೇಷನ್ ಎರಡು ವಾರ ಮುಂದಕ್ಕೆ ಹೋಯಿತು. ಸೊರಗಿದ ಮೈಯಲ್ಲಿ ಗಾಯ ಬೇಗ ಮಾಯುವುದಿಲ್ಲ, ಸೋಂಕಿನ ಭಯ ಜಾಸ್ತಿ. ಕತ್ತರಿಸಿ ಉಳಿದ ಲಿವರ್ ಮತ್ತೆ ಬೆಳೆಯೋಕೂ ಸರಕು ಬೇಕು.

ಡಯಟೀಷಿಯನ್ ಹೇಳಿದ ಲೆಕ್ಕ: ದಿನಕ್ಕೆ, ಒಂದು ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್. ಅಂದರೆ ದೊಡ್ಡಪ್ಪನಿಗೆ 60-75 ಗ್ರಾಂ. ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ, ಒಂದು ಲೋಟ ಹಾಲಲ್ಲೂ ಅಷ್ಟೇ. ಒಂದು ಬಟ್ಟಲು ಗಂಜಿಯಲ್ಲಿ ಎರಡು-ಮೂರು. ಗಂಜಿಯಿಂದಲೇ ತುಂಬಿಸಬೇಕಂದರೆ ಹಂಡೆಗಟ್ಟಲೆ ಕುಡಿಸಬೇಕು!

ಒಂದೇ ಸಲಕ್ಕೆ ಊಟ ಸೇರುತ್ತಿರಲಿಲ್ಲ. ಎರಡು ಗಂಟೆಗೊಮ್ಮೆ ಚೂರು ಚೂರು ಕೊಟ್ಟೆವು: ಮೆತ್ತನೆ ರೊಟ್ಟಿ, ಹೆಸರುಕಾಳು ಪಲ್ಯ, ಮೊಸರಿಗೆ ಶೇಂಗಾ ಪುಡಿ. ಶೇಂಗಾ ಚಳ್ಳಕೆರೆ ನೆಂಟರದು. ಬೂಷ್ಟು ಹಿಡಿದಿದ್ದರೆ ಮಾತ್ರ ಮುಟ್ಟಬೇಡಿ, ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ಅನ್ನೋ ವಿಷ ಲಿವರ್ ಕ್ಯಾನ್ಸರಿಗೇ ಒಂದು ಕಾರಣ. ಊತ ಇದ್ದುದರಿಂದ ಉಪ್ಪಿನಕಾಯಿ, ಹಪ್ಪಳ ಬಂದ್. ಬೆಣ್ಣೆ ದೋಸೆಗೆ ಹಟ ಹಿಡಿದಾಗ ಅರ್ಧ ಕೊಟ್ಟೆವು, ಸುಮ್ನೆ ಯಾಕೆ ಬೈಸಿಕೊಳ್ಳೋದು.

ಮುಖ್ಯವಾದದ್ದು ರಾತ್ರಿ ಮಲಗುವ ಮುಂಚಿನ ತಿಂಡಿ. ಸಿರೋಸಿಸ್ ಆದ, ಅಂದರೆ ಕಲೆಗಟ್ಟಿ ಗಡುಸಾದ ಲಿವರ್ ಸಾಕಷ್ಟು ಸಕ್ಕರೆಯನ್ನು ಕೂಡಿಟ್ಟುಕೊಳ್ಳಲಾರದು. ಅಂಥವರಿಗೆ ಒಂದು ರಾತ್ರಿಯ ಉಪವಾಸ ನಮಗೆ ಎರಡು-ಮೂರು ದಿನ ಉಪವಾಸ ಇದ್ದಂತೆ. ಬೆಳಗಾಗುವಷ್ಟರಲ್ಲಿ ಮೈ ತನ್ನ ಮಾಂಸವನ್ನೇ ಕರಗಿಸುತ್ತಿರುತ್ತದೆ. ನಾವು ಹತ್ತು ಗಂಟೆಗೆ ಹಾಲು, ಎರಡು ಬ್ರೆಡ್ ಕೊಡುತ್ತಿದ್ದೆವು.

ನಿಮ್ಮ ಅಪ್ಪನಿಗೆ ಶುಗರ್ ಅಥವಾ ಕಿಡ್ನಿ ತೊಂದರೆ ಇದ್ದರೆ ಈ ಲೆಕ್ಕ ಬದಲಾಗುತ್ತದೆ. ನಾಳೆಯೇ ಡಯಟೀಷಿಯನ್ ಹತ್ತಿರ ಹೋಗಿ, ಈಗ ಏನೇನು ತಿನ್ನುತ್ತಿದ್ದಾರೆ ಅಂತ ಚೀಟಿಯಲ್ಲಿ ಬರೆದುಕೊಂಡು.