ಊದಿದವನಿಗೆ ಎರಡು ಪುಟ ಜಾಸ್ತಿಯಾಯಿತೇ?

ದಾವಣಗೆರೆಯ ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರು ಸಿಟ್ಟಾಗಿದ್ದಾರೆ. ಅವರ ಪತ್ರದ ಸಾರ ಇಷ್ಟು: 'ಮೊದಲ ಮಹಾಯುದ್ಧದ ಅಮೆರಿಕನ್ನರ ಬಗ್ಗೆ ಬರೆದಿರಿ. ಜನರಲ್ ಪರ್ಶಿಂಗ್‌ಗೆ ನಾಲ್ಕು ಸಾಲು, ಅಧ್ಯಕ್ಷ ವಿಲ್ಸನ್‌ಗೆ ಆರು. ಯಾರೋ ಜೇಮ್ಸ್ ರೀಸ್ ಯೂರೋಪ್ ಎಂಬ ಬ್ಯಾಂಡ್ ಮೇಷ್ಟ್ರಿಗೆ ಎರಡು ಪುಟ! ಗೆದ್ದವರನ್ನು ಬಿಟ್ಟು ಊದಿದವರ ಹಿಂದೆ ಬಿದ್ದಿದ್ದೀರಲ್ಲ?'

ಮೇಷ್ಟ್ರೇ, ಪರ್ಶಿಂಗ್ ದೊಡ್ಡವರೇ. ಸುಮಾರು 20 ಲಕ್ಷ ಸೈನಿಕರ ಪಡೆಯನ್ನು ಫ್ರಾನ್ಸ್‌ನಲ್ಲಿ ನಡೆಸುವುದು ಹುಡುಗಾಟವಲ್ಲ. ಒಪ್ಪಿದೆ. ಈಗ ನನ್ನ ಬ್ಯಾಂಡ್ ಮೇಷ್ಟ್ರ ವಿಷಯಕ್ಕೆ ಬರೋಣ. ಮೊದಲಿಗೆ ಒಂದು ತಿದ್ದುಪಡಿ: ಅವರು ಊದುತ್ತಿದ್ದವರಲ್ಲ, ಪಿಯಾನೊ, ಪಿಟೀಲು ಕಲಿತವರು.

ಜೊತೆಗೆ ಗೆದ್ದವರೂ ಹೌದು. ಯೂರೋಪ್ 369ನೇ ಪದಾತಿ ರೆಜಿಮೆಂಟಿನ ಲೆಫ್ಟಿನೆಂಟ್, ಮೆಷಿನ್ ಗನ್ ತುಕಡಿಯವರು. ಅದು ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಕರಿಯರ ಪಡೆ. 1917ರಲ್ಲಿ 'ರೇನ್‌ಬೋ ಡಿವಿಷನ್' (ಕಾಮನಬಿಲ್ಲು ವಿಭಾಗ) ಎಂಬ ಅಮೆರಿಕನ್ ಸೈನ್ಯದ ಬೀಳ್ಕೊಡುಗೆ ಮೆರವಣಿಗೆಗೆ ನಾವೂ ಬರುತ್ತೇವೆ ಎಂದರೆ, ಕಾಮನಬಿಲ್ಲಿನಲ್ಲಿ ಕಪ್ಪು ಬಣ್ಣ ಎಲ್ಲಿದೆ ಎಂದು ಕೇಳಿದರಂತೆ! ಫ್ರಾನ್ಸ್‌ಗೆ ಹೋದಮೇಲೆ ನಿಮ್ಮ ಪರ್ಶಿಂಗ್ ಈ ಪಡೆಯನ್ನು ಫ್ರೆಂಚ್ ಸೈನ್ಯಕ್ಕೆ ದಾಟಿಸಿಬಿಟ್ಟರು. ಫ್ರೆಂಚರ ಬಂದೂಕು, ಫ್ರೆಂಚರ ಹೆಲ್ಮೆಟ್. ಅದರಲ್ಲೇ 191 ದಿನ ಮುಂಚೂಣಿಯಲ್ಲಿದ್ದರು. ಯೂರೋಪ್ ವಿಷಾನಿಲ ಕುಡಿದು ಆಸ್ಪತ್ರೆ ಸೇರಿದರು. ಅಲ್ಲಿ ಮಲಗಿಕೊಂಡೇ ಗಸ್ತಿನ ಅನುಭವಕ್ಕೆ ಹಾಡು ಕಟ್ಟಿದರು.

ನನಗೆ ಬಲು ಇಷ್ಟದ ದೃಶ್ಯ ಫ್ರಾನ್ಸಿನ ಬ್ರೆಸ್ಟ್ ಬಂದರಿನದು. 1918ರ ಹೊಸ ವರ್ಷದ ದಿನ. ಹಡಗಿಳಿದ ಬ್ಯಾಂಡು ಫ್ರೆಂಚರ ರಾಷ್ಟ್ರಗೀತೆ ಶುರು ಮಾಡಿತು. ಸುತ್ತಲಿದ್ದ ಫ್ರೆಂಚ್ ಸೈನಿಕರು ಸುಮ್ನೆ ನಿಂತಿದ್ದಾರೆ. ಎಂಟು, ಹತ್ತು ಆವರ್ತ ಮುಗಿದ ಮೇಲೆ ಒಬ್ಬೊಬ್ಬರ ಮುಖವೂ ಬದಲಾಯಿತು. ಅರೇ, ಇದು ನಮ್ಮದೇ ಹಾಡು! ತಟ್ಟನೆ ನೆಟ್ಟಗಾಗಿ ಸೆಲ್ಯೂಟ್ ಹೊಡೆದರು. ತಮ್ಮ ಹಾಡನ್ನು ಆ ಲಯದಲ್ಲಿ ಅವರು ಅದುವರೆಗೆ ಕೇಳಿಯೇ ಇರಲಿಲ್ಲ. ಇಂಥದ್ದನ್ನು ಯಾವ ಜನರಲ್ ಮಾಡಿದ್ದಾನೆ, ಹೇಳಿ?

ಇನ್ನು ವಿಲ್ಸನ್. ಜಗತ್ತಿಗೆ ಹದಿನಾಲ್ಕು ಅಂಶಗಳ ಶಾಂತಿಸೂತ್ರ ಕೊಟ್ಟರು, ನಿಜ. ಅದೇ ಮನುಷ್ಯನ ಸರ್ಕಾರ 1913ರಿಂದ ತನ್ನ ಕಚೇರಿಗಳಲ್ಲೇ ಕರಿಯ ನೌಕರರನ್ನು ಬೇರೆ ಕೂರಿಸಿತು. ಆರು ಸಾಲು ಕೊಟ್ಟಿದ್ದೇ ಜಾಸ್ತಿ.

1919ರ ಫೆಬ್ರವರಿ 17ರಂದು ಆ ಪಡೆ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂನಲ್ಲಿ ನಡೆಯಿತು. ದೊಡ್ಡವರ ಬೀದಿಯಲ್ಲಿ ಯೂರೋಪ್ ನುಡಿಸಿದ್ದು ಬರೀ ಸೈನ್ಯದ ಮಾರ್ಚ್‌ಗಳು. ಹಾರ್ಲೆಮ್ ಬಂತು ನೋಡಿ, ಆಮೇಲೆ ಜಾಝ್! ಮೂರೇ ತಿಂಗಳು. ಮೇ 9ರಂದು ಬಾಸ್ಟನ್‌ನ ಕಛೇರಿಯ ಬಿಡುವಿನಲ್ಲಿ ಸ್ವಂತ ಬ್ಯಾಂಡಿನ ಡ್ರಮ್ ವಾದಕನೊಬ್ಬ ಕುತ್ತಿಗೆಗೆ ಚಾಕು ಹಾಕಿದ. ಗಾಯ ಸಣ್ಣದು ಎಂದುಕೊಂಡು ಯೂರೋಪ್ ಆಸ್ಪತ್ರೆಗೆ ಹೊರಟರು. ರಾತ್ರಿಯೇ ತೀರಿಕೊಂಡರು. ಆರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿದ್ದಾರೆ.

ನಮ್ಮಲ್ಲೂ ನೋಡಿ. ದಸರಾ ಮೆರವಣಿಗೆಯ ನೇರಪ್ರಸಾರದಲ್ಲಿ ವೇದಿಕೆಯ ಮೇಲಿನ ಗಣ್ಯರ ಹೆಸರೆಲ್ಲ ಕೇಳಿಸುತ್ತದೆ. ಬಿಸಿಲಲ್ಲಿ ಬೆವರು ಸುರಿಸುತ್ತ ನುಡಿಸುವ ಬ್ಯಾಂಡಿನವರ ಹೆಸರು ಎಂದಾದರೂ ಕೇಳಿದ್ದೀರಾ? ನಮ್ಮ ಮನೆಯ ಮದುವೆಯಲ್ಲೂ ಅಷ್ಟೇ. ವಾಲಗದವರಿಗೆ ಕೊನೆಯ ಪಂಕ್ತಿಯಲ್ಲಿ ಎಲೆ. ಹುಡುಗನಾಗಿದ್ದಾಗ ಅವರ ಪಕ್ಕ ಕೂತು ಉಂಡಿದ್ದಕ್ಕೆ ಬೈಸಿಕೊಂಡಿದ್ದೇನೆ. ಆ ಸಿಟ್ಟು ಇನ್ನೂ ಇಳಿದಿಲ್ಲ ಅಂತ ಇಟ್ಟುಕೊಳ್ಳಿ.

ಯೂರೋಪ್ ಸಾಯುವ ಮೊದಲು ಅವರ ಬ್ಯಾಂಡು ಮುದ್ರಿಸಿದ ಗಾನಮುದ್ರಿಕೆಗಳು ಇವೆ, ಮೇಷ್ಟ್ರೇ. ಗರಗರ ಸದ್ದು ಜಾಸ್ತಿ, ಆದರೂ ಒಮ್ಮೆ ಕೇಳಿ. ಪರ್ಶಿಂಗ್ ಬಗ್ಗೆ ನೀವೇ ಬರೆದು ಕಳಿಸಿ. ಖಂಡಿತ ಹಾಕುತ್ತೇನೆ. ಒಂದು ಪುಟ.

— ಸಂಪಾದಕ