ಕಂಬಳಿ ತಂದ ಹುಡುಗ

ದೀಪಾವಳಿಗೆ ಊರಿಗೆ ಹೋಗಿ ಬರುವಷ್ಟರಲ್ಲಿ ಮೇಜಿನ ಮೇಲೆ ಪತ್ರಗಳ ರಾಶಿ. ಅರ್ಧ ಊರಿನ ಬಗ್ಗೆ. ಇನ್ನರ್ಧ ಸಿನಿಮಾದ ಬಗ್ಗೆ, ಸಿನಿಮಾದವರ ಸಾವಿನ ಬಗ್ಗೆ. ಹಬ್ಬ, ಅದರ ಬೆನ್ನಿಗೇ ಅಕ್ಟೋಬರ್ 29, ಆಮೇಲೆ ರಾಜ್ಯೋತ್ಸವ. ಅದಕ್ಕೇ ಇರಬೇಕು. ಈ ಸಲ ಅವನ್ನೇ ಆರಿಸಿಕೊಂಡಿದ್ದೇನೆ. ರಾಜಕೀಯದ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆಯವರೆಗೆ ಕಾಯಿರಿ. ರಾಜಕೀಯ ಎಲ್ಲಿಗೂ ಓಡಿಹೋಗಲ್ಲ.

ಪ್ರಶ್ನೆ: ಊರಿಗೆ ಹೋದ ಮರುದಿನವೇ ಬೆಂಗಳೂರು ನೆನಪಾಗುತ್ತೆ. ಬೆಂಗಳೂರಿಗೆ ಬಂದ ಮರುದಿನ ಊರು ನೆನಪಾಗುತ್ತೆ. ಇದಕ್ಕೆ ಮದ್ದು ಇದೆಯಾ ಮೇಡಂ? (ರಾಜಾಜಿನಗರದ ಓದುಗರು)

ಉತ್ತರ: ಇಲ್ಲ. ನನಗೂ ಇದೇ ಕಾಯಿಲೆ. ಮೊದಲ ದಿನ ನಾವು ಮನೆಗೆ ನೆಂಟರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ‘ಇನ್ನೊಂದು ಹಾಕ್ಲೇನು?’ ಮರುದಿನ ಬೆಳಿಗ್ಗೆ ಅದೇ ಅವ್ವ, ‘ಆ ಫೋನು ಅತ್ಲಾಗಿಟ್ಟು ಅಂಗಳ ಗುಡಿಸು’ ಅಂತಾಳೆ. ಬೆಂಗಳೂರು ನೆನಪಾಗುವುದು ಆಗಲೇ. ಈ ಸಲ ಹೋದಾಗ ನಾನು ಓದುತ್ತಿದ್ದ ಕೋಣೆ ಪೂರ್ತಿ ಮೆಕ್ಕೆಜೋಳದ ಚೀಲ. ಮಂಚದ ಅರ್ಧ ಚೀಲಗಳಿಗೆ, ಅರ್ಧ ನನಗೆ. ‘ಇವನ್ನ ಎಲ್ಲಾದ್ರೂ ಸರಿಸಪ್ಪ’ ಅಂದೆ. ‘ರೇಟು ಏರಲಿ ತಡಿ, ತಾವೇ ಎದ್ದು ಹೋಗ್ತಾವೆ’ ಅಂದರು ಅಪ್ಪ. ರೇಟು ಏರಲಿಲ್ಲ, ನಾನೇ ಎದ್ದು ಬಂದೆ. ಆದರೂ ಬೆಂಗಳೂರಿನ ಮನೆಯಲ್ಲಿ ಆರಾಮಾಗಿ ಕೈಕಾಲು ಚಾಚಿ ಮಲಗಿದರೆ ನಿದ್ದೆ ಬರಬೇಕಲ್ಲ!

ಪ್ರಶ್ನೆ: ಪುನೀತ್ ರಾಜ್‌ಕುಮಾರ್ ಹೋದಾಗ ಮನೆ ಮಗ ಹೋದಂತೆ ಅತ್ತಿದ್ದೆ. ಈಗಲೂ ಅಕ್ಟೋಬರ್ 29 ಬಂದರೆ ಅಳು ಬರುತ್ತೆ. ‘ನಿನಗೇನು ಅವರು ಸಂಬಂಧಿಕರಾ?’ ಅಂತ ನಮ್ಮ ಯಜಮಾನರು ನಗುತ್ತಾರೆ. ನೀವೂ ಅತ್ತಿದ್ದಿರಾ ಅಕ್ಕ? (ತಿಪಟೂರಿನ ಗೃಹಿಣಿ)

ಉತ್ತರ: ಮೊದಲು ನಿಮ್ಮ ಯಜಮಾನರಿಗೆ ಒಂದು ಪ್ರಶ್ನೆ. 2023ರ ನವೆಂಬರ್ 19ರ ರಾತ್ರಿ, ಅಹಮದಾಬಾದಿನಲ್ಲಿ ನಾವು ವಿಶ್ವಕಪ್ ಫೈನಲ್ ಸೋತಾಗ, ಅವರು ಸರಿಯಾಗಿ ಊಟ ಮಾಡಿದ್ದರಾ? ಆ ಹನ್ನೊಂದು ಜನರಲ್ಲಿ ಯಾರು ಅವರ ಸಂಬಂಧಿಕರು?

ನಾನು ಅತ್ತೆನಾ ಅಂದರೆ, ಅತ್ತೆ. ಆದರೆ ನಮ್ಮ ಅವ್ವ ಅತ್ತ ಕಥೆ ಬೇರೆ. ಅದನ್ನೇ ಹೇಳುತ್ತೇನೆ.

2021ರ ಆ ಶುಕ್ರವಾರ ನಾನು ಊರಲ್ಲೇ ಇದ್ದೆ. ಕೊರೊನಾ ಕಾಲ, ಮನೆಯಿಂದಲೇ ಕೆಲಸ. ಅವ್ವ ಟಿವಿ ಮುಂದೆ ಕಾಲು ಚಾಚಿ ಕೂತು ಮೊರದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಮೊದಲು ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ಬಂತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಬರೀ 46 ವರ್ಷ. ಅವ್ವ ಟಿವಿಯನ್ನೇ ನೋಡುತ್ತಾ, ‘ಕಂಬಳಿ ತಂದ ಹುಡುಗ ಹೋತಲ್ಲೇ’ ಅಂದಳು. ಕೈಯಲ್ಲಿದ್ದ ಕಾಯಿ ಸುಲಿಯದೆ ಹಾಗೇ ಉಳಿಯಿತು.

‘ಬೆಟ್ಟದ ಹೂವು’ ನೋಡಿದವರಿಗೆ ಗೊತ್ತಾಗುತ್ತೆ. 1985ರ ಸಿನಿಮಾ. ಬಡವರ ಮನೆ ಹುಡುಗ ರಾಮುಗೆ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕು ಅಂತ ಆಸೆ. ಬೆಟ್ಟ ಸುತ್ತಿ ಹೂವು ಆಯ್ದು ತಂದು ಕಾಸಿಗೆ ಕಾಸು ಕೂಡಿಸುತ್ತಾನೆ. ಕೊನೆಗೆ ಮನೆಯವರ ಚಳಿ ನೋಡಲಾಗದೆ ಪುಸ್ತಕ ಬಿಟ್ಟು ಕಂಬಳಿ ತರುತ್ತಾನೆ. ಆ ಪಾತ್ರಕ್ಕೆ ಪುನೀತ್‌ಗೆ ಅತ್ಯುತ್ತಮ ಬಾಲನಟ ಅಂತ ರಾಷ್ಟ್ರಪ್ರಶಸ್ತಿ ಬಂತು. ಅವ್ವನ ಲೆಕ್ಕದಲ್ಲಿ ಆ ಹುಡುಗ ಅಲ್ಲಿಂದ ಮುಂದೆ ಬೆಳೆಯಲೇ ಇಲ್ಲ. 2002ರಲ್ಲಿ ‘ಅಪ್ಪು’ ಬಂದು ರಾಜ್ಯವೆಲ್ಲಾ ಕುಣಿಯುವಾಗಲೂ, ‘ಚೆನ್ನಾಗಿ ಕುಣೀತದೆ ಹುಡುಗ, ಬಿದ್ದು ಗಿದ್ದೀತು’ ಅನ್ನುತ್ತಿದ್ದಳು.

ಆದರೆ ಆ ಸಂಜೆ ಅವ್ವ ಅಪ್ಪು ಬಗ್ಗೆ ಜಾಸ್ತಿ ಮಾತಾಡಲಿಲ್ಲ. ಮಾತೆಲ್ಲ ನಮ್ಮ ಚಿಕ್ಕವ್ವನದು. ಅವ್ವ ಆ ಸಿನಿಮಾ ನೋಡಿದ್ದು ತಂಗಿಯ ಜೊತೆ. ದಾವಣಗೆರೆಗೆ ಹೋಗಿ, ಮ್ಯಾಟಿನಿ ನೋಡಿ, ಬರುವಾಗ ಕೊನೆ ಬಸ್ ತಪ್ಪಿ, ಹುಲ್ಲಿನ ಲಾರಿ ಹತ್ತಿ ಬಂದಿದ್ದರಂತೆ. ದಾರಿಯುದ್ದಕ್ಕೂ ಚಿಕ್ಕವ್ವ ‘ಪುಸ್ತಕಾನೂ ಕೊಡಿಸಬೇಕಿತ್ತು ಆ ಹುಡುಗಗೆ’ ಅಂತ ಜಗಳ. ಚಿಕ್ಕವ್ವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವಳ ಸಾವಿನಲ್ಲಿ ಬಂದವರಿಗೆ ಚಹಾ, ಅಡುಗೆ ಅಂತ ಓಡಾಡಿದ ಅವ್ವ ಅತ್ತದ್ದನ್ನು ನಾನು ನೋಡಿರಲಿಲ್ಲ. ಅಂದು ನೋಡಿದೆ. ಇದರಲ್ಲಿ ಅಪ್ಪುಗೆಷ್ಟು, ಚಿಕ್ಕವ್ವನಿಗೆಷ್ಟು ಅಂತ ಯಾರು ಲೆಕ್ಕ ಹಾಕ್ತಾರೆ? ನಿಮ್ಮ ಯಜಮಾನರಿಗೆ ಇದನ್ನೂ ಓದಿ ಹೇಳಿ.

ಅಪ್ಪನದು ಇನ್ನೊಂದು ದಾರಿ. ಅಪ್ಪು ಕಣ್ಣು ನಾಲ್ಕು ಜನಕ್ಕೆ ಬೆಳಕು ಕೊಟ್ಟಿತು ಅಂತ ಸುದ್ದಿ ಬಂದಾಗ, ‘ಎರಡು ಕಣ್ಣು ನಾಲ್ಕು ಜನಕ್ಕೆ ಹೆಂಗೆ ಕೊಡ್ತಾರೆ?’ ಅಂತ ಕೇಳಿದರು. ಕೊಡುವುದು ಇಡೀ ಕಣ್ಣಲ್ಲ, ಮುಂದಿನ ಪಾರದರ್ಶಕ ಪದರ ಮಾತ್ರ, ಅಂದರೆ ಕಾರ್ನಿಯಾ. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಪ್ರತಿ ಕಾರ್ನಿಯಾವನ್ನೂ ಮುಂಭಾಗ, ಹಿಂಭಾಗ ಅಂತ ಎರಡು ಮಾಡಿ, ಯಾರಿಗೆ ಯಾವ ಭಾಗ ಕೆಟ್ಟಿತ್ತೋ ಅದನ್ನು ಹಾಕಿದರು. ಅಣ್ಣಾವ್ರ ಕಣ್ಣುಗಳೂ 2006ರಲ್ಲಿ ದಾನವಾಗಿದ್ದವು. ಅಪ್ಪ ಎಲ್ಲ ಕೇಳಿಸಿಕೊಂಡು ಸುಮ್ನಾದರು. ಆಮೇಲೊಂದು ದಿನ ಯಾರಿಗೂ ಹೇಳದೆ ದಾವಣಗೆರೆಗೆ ಹೋಗಿ ನೇತ್ರದಾನಕ್ಕೆ ಹೆಸರು ಬರೆಸಿ ಬಂದರು. ಚೀಟಿ ಈಗಲೂ ಪಹಣಿ ಪತ್ರಗಳ ಜೊತೆ ಟ್ರಂಕಿನಲ್ಲಿದೆ. ‘ಅಪ್ಪ, ಅದು ಟ್ರಂಕಿನಲ್ಲಿದ್ದರೆ ಆಗಲ್ಲ, ಮನೆಯವರಿಗೆ ಗೊತ್ತಿರಬೇಕು’ ಅಂದೆ. ಕೆಲವೇ ಗಂಟೆಗಳಲ್ಲಿ ಕಣ್ಣು ತೆಗೆಯಬೇಕಾಗುತ್ತೆ, ಫೋನ್ ಮಾಡಬೇಕಾದವರು ಮನೆಯವರೇ. ಬರೆಸಿದವರು ದಯವಿಟ್ಟು ಮನೆಯಲ್ಲಿ ಹೇಳಿ.

ಪ್ರಶ್ನೆ: ಸಾವಿನ ಮನೆ ಮುಂದೆ ಮೈಕ್ ಹಿಡಿದು ‘ನಿಮಗೀಗ ಏನನ್ನಿಸ್ತಿದೆ?’ ಅಂತ ಕೇಳುವ ಟಿವಿಯವರಿಗೆ ಏನು ಹೇಳಬೇಕು? (ಹಾಸನ)

ಉತ್ತರ: ಅವರಿಗೇನೂ ಹೇಳಬೇಡಿ, ರಿಮೋಟ್‌ಗೆ ಹೇಳಿ.

ಪ್ರಶ್ನೆ: ನಮ್ಮಪ್ಪ ಆಟೋ ಓಡಿಸುತ್ತಾರೆ. ಹಿಂದಿನ ಗಾಜಿನ ಮೇಲೆ ಶಂಕರ್‌ನಾಗ್. ನಾನು ಹುಟ್ಟುವ ಎಷ್ಟೋ ಮೊದಲೇ ಹೋದ ಮನುಷ್ಯ. ಆ ಫೋಟೋ ನೋಡಿದರೆ ನನಗ್ಯಾಕೆ ಬೇಜಾರಾಗಬೇಕು? (ಮೈಸೂರಿನ ಕಾಲೇಜು ವಿದ್ಯಾರ್ಥಿ)

ಉತ್ತರ: ನಿಮ್ಮಪ್ಪನ ಮನೆದೇವರನ್ನೂ ನೀವು ಕಂಡಿಲ್ಲವಲ್ಲ, ಆದರೂ ಕೈಮುಗಿಯುತ್ತೀರಿ. ‘ಆಟೋ ರಾಜ’ ಬಂದದ್ದು 1980ರಲ್ಲಿ. ಖಾಕಿ ಅಂಗಿ ಹಾಕಿದವನು ನಾಯಕ ಆಗಬಹುದು ಅಂತ ತೆರೆ ಮೇಲೆ ತೋರಿಸಿದ ಋಣವನ್ನು ಆಟೋದವರು ಇವತ್ತಿಗೂ ತೀರಿಸುತ್ತಿದ್ದಾರೆ.

ನಮ್ಮ ಕಡೆಯವರಿಗೆ ಇದು ಇನ್ನೂ ಹತ್ತಿರದ ವಿಷಯ. 1990ರ ಸೆಪ್ಟೆಂಬರ್ 30ರಂದು ಆ ಅಪಘಾತ ಆದದ್ದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ. 36 ತುಂಬಿರಲಿಲ್ಲ. ಬೆಂಗಳೂರಿನಿಂದ ಊರಿಗೆ ಹೋಗುವ ಬಸ್ಸು ಚಿತ್ರದುರ್ಗ ದಾಟಿ ಆನಗೋಡಿಗೆ ಬರುತ್ತಿದ್ದಂತೆ ಜೊತೆಗಿದ್ದರೆ ಅಪ್ಪ, ‘ಇಲ್ಲೇ ನೋಡು’ ಅನ್ನುತ್ತಾರೆ. ಪ್ರತಿ ಸಲವೂ. ಈ ಸಲ ಪಕ್ಕದಲ್ಲಿ ಕೂತಿದ್ದ ಹುಡುಗನಿಗೆ ನಾನೇ ಹೇಳಿದೆ. ಆತ ಕಿವಿಯಿಂದ ಇಯರ್‌ಫೋನ್ ತೆಗೆದು, ‘ಹೌದಾ ಆಂಟಿ?’ ಅಂತ ಕಿಟಕಿ ಕಡೆ ಬಗ್ಗಿದ. ಅಷ್ಟರಲ್ಲಿ ಆನಗೋಡು ಹಿಂದೆ ಹೋಗಿತ್ತು. ಈಗಿನ ಹೆದ್ದಾರಿ ಹಾಗಿದೆ. ಆಂಟಿ ಅಂದದ್ದಕ್ಕೆ ಬೇರೆ ಬೇಜಾರು.

ಪ್ರಶ್ನೆ: ಸಿನಿಮಾದ ಹಳ್ಳಿ ಎಂದೂ ನಮ್ಮ ಹಳ್ಳಿ ಥರ ಇರಲ್ಲ, ಯಾಕೆ? (ಜಗಳೂರು)

ಉತ್ತರ: ನಿಮ್ಮೂರಿನಲ್ಲಿ ಮಳೆ ಇಲ್ಲವಲ್ಲ, ಅದಕ್ಕೆ! ನಮ್ಮ ಕ್ಯಾಮೆರಾಗಳಿಗೆ ಮಳೆ, ಮಂಜು, ಹಸಿರು ಬೇಕು. 2006ರ ಕೊನೆಗೆ ‘ಮುಂಗಾರು ಮಳೆ’ ಬಂದ ಮೇಲಂತೂ ಸಕಲೇಶಪುರದಲ್ಲಿ ನೆನೆಯದ ನಾಯಕಿಯೇ ಇಲ್ಲವೇನೋ. ಈಗ ಕರಾವಳಿಯ ಸರದಿ. ಅದರಲ್ಲಿ ತಪ್ಪಿಲ್ಲ. ರಿಷಬ್ ಶೆಟ್ಟಿ ‘ಕಾಂತಾರ’ವನ್ನು ತಮ್ಮದೇ ಊರು ಕೆರಾಡಿಯಲ್ಲಿ ತೆಗೆದರು. ಅಲ್ಲಿನ ಮಾತು, ಮಣ್ಣು ಎರಡೂ ಸುಳ್ಳು ಅನ್ನಿಸಲಿಲ್ಲ. ಮಂಡ್ಯದವರಿಗೆ ‘ತಿಥಿ’ ಇದೆ. ನೊದೆಕೊಪ್ಪಲಿನಂಥ ಊರಿನಲ್ಲಿ ತೆಗೆದದ್ದು, ನಟಿಸಿದವರೂ ಹೆಚ್ಚಾಗಿ ಹಳ್ಳಿಯವರೇ. ನಮಗೇನಿದೆ? ಬೋರ್‌ವೆಲ್ ಲಾರಿ ಬಂದ ರಾತ್ರಿ ಹೊಲದ ಬದುವಿನ ಮೇಲೆ ಊರೇ ನಿಂತಿರುತ್ತೆ. ಅಷ್ಟು ಅಡಿ ಆಯ್ತು, ಇಷ್ಟು ಅಡಿ ಆಯ್ತು ಅಂತ ಕೂಗುತ್ತಾ ಇರುತ್ತಾರೆ. ಬರೀ ಬಿಳಿ ಧೂಳು. ಯಾರೋ ‘ಹಸಿ ವಾಸನೆ ಬಂತು’ ಅಂದರೆ ಎಲ್ಲರೂ ಮೂಗು ಅರಳಿಸುತ್ತಾರೆ. ಇದಕ್ಕಿಂತ ಒಳ್ಳೆಯ ಕ್ಲೈಮ್ಯಾಕ್ಸ್ ಬೇಕಾ? ನಿಮ್ಮ ಜಗಳೂರಿನ ಹುಡುಗರು ಯಾರಾದರೂ ತೆಗೆದರೆ ಮೊದಲ ಟಿಕೆಟ್ ನನ್ನದು.

ಪ್ರಶ್ನೆ: ಈಗಿನ ದೊಡ್ಡ ಸಿನಿಮಾಗಳನ್ನು ನಿಮ್ಮ ತಾಯಿ ನೋಡುತ್ತಾರಾ? (ಶಿವಮೊಗ್ಗ)

ಉತ್ತರ: ‘ಕೆಜಿಎಫ್’ ಎರಡನೇ ಭಾಗಕ್ಕೆ ನಾನೇ ಕರೆದುಕೊಂಡು ಹೋಗಿದ್ದೆ. ಗುಂಡಿನ ಸದ್ದಿಗೆ ಅರ್ಧ ಸಿನಿಮಾ ಕಿವಿ ಮುಚ್ಚಿಕೊಂಡಿದ್ದಳು. ತಾಯಿ ನೆನಪಿನ ದೃಶ್ಯ ಬಂದಾಗ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹೊರಗೆ ಬಂದ ಮೇಲೆ ಒಂದೇ ತಕರಾರು: ‘ಅಷ್ಟು ಧೂಳಿನಾಗೆ ಅಷ್ಟು ಜನರ ಬಟ್ಟೆ ಒಗೆಯೋರು ಯಾರು?’

ಪ್ರಶ್ನೆ: ಫೋನಿನಲ್ಲೇ ಸಿಗುವ ಹಳೇ ಸಿನಿಮಾ ಮತ್ತೆ ಥಿಯೇಟರಿಗೆ ಬಂದರೆ ದುಡ್ಡು ಕೊಟ್ಟು ನೋಡುವುದು ಹುಚ್ಚಲ್ವಾ? (ಹುಬ್ಬಳ್ಳಿ)

ಉತ್ತರ: 2025ರ ಮಾರ್ಚ್‌ನಲ್ಲಿ, ಪುನೀತ್ ಅವರ 50ನೇ ಹುಟ್ಟುಹಬ್ಬಕ್ಕೆ ‘ಅಪ್ಪು’ ಮತ್ತೆ ಬಂದಾಗ ನಾನೂ ಹೋಗಿದ್ದೆ. ಡೈಲಾಗ್ ಒಂದೂ ಕೇಳಿಸಲಿಲ್ಲ. ತೆರೆಗಿಂತ ಮೊದಲು ಜನರೇ ಹೇಳಿ ಮುಗಿಸುತ್ತಿದ್ದರು. ಫೋನಿನಲ್ಲಿ ನೋಡಿದರೆ ಎಲ್ಲ ಸ್ಪಷ್ಟವಾಗಿ ಕೇಳಿಸುತ್ತೆ, ಅದೇ ಅದರ ತೊಂದರೆ.

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಊರಿಗೆ ಹೋಗಲು ಮನಸ್ಸಾಗುತ್ತಿಲ್ಲ. ಅವರಿಗೆ ಇಷ್ಟವಾದ ರಾಜ್‌ಕುಮಾರ್ ಸಿನಿಮಾ ಟಿವಿಯಲ್ಲಿ ಬಂದರೂ ಚಾನೆಲ್ ಬದಲಿಸುತ್ತೇನೆ. ಅಮ್ಮ ಊರಲ್ಲಿ ಒಬ್ಬರೇ ಇದ್ದಾರೆ. (ಹೆಸರು, ಊರು ಬೇಡ ಎಂದವರು)

ಉತ್ತರ: ಚಾನೆಲ್ ಬದಲಿಸಿ, ಏನೂ ತಪ್ಪಿಲ್ಲ. ಆದರೆ ಅದೇ ಹೊತ್ತಿಗೆ ಅಮ್ಮನೂ ಅದೇ ಸಿನಿಮಾ ಹಾಕಿಕೊಂಡು ಕೂತಿರಬಹುದು. ಅವರಿಗೆ ಬದಲಿಸಲು ಮನಸ್ಸು ಬಂದಿರಲಿಕ್ಕಿಲ್ಲ. ಮುಂದಿನ ಸಲ ಆ ಸಿನಿಮಾ ಬಂದಾಗ ಅವರಿಗೆ ಫೋನ್ ಮಾಡಿ. ಅಪ್ಪನ ವಿಷಯ ತೆಗೆಯಲೇಬೇಕೆಂದಿಲ್ಲ. ‘ಯಾವ ಸೀನ್ ಬರ್ತಿದೆಯಮ್ಮ?’ ಅಂತ ಕೇಳಿ, ಅವರು ಕಥೆ ಹೇಳಲಿ. ಊರಿಗೆ ಹೋಗುವುದು ಹಬ್ಬಕ್ಕೇ ಆಗಬೇಕೆಂದೂ ಇಲ್ಲ. ಹಬ್ಬದ ದಿನ ಖಾಲಿ ಜಾಗ ಜಾಸ್ತಿ ಕಾಣುತ್ತೆ. ಯಾವುದೋ ಸಾದಾ ಮಂಗಳವಾರ ಹೋಗಿ. ಅಮ್ಮನ ಜೊತೆ ಬ್ಯಾಂಕಿನ ಕೆಲಸ, ಗ್ಯಾಸ್ ಬುಕಿಂಗ್, ಕನ್ನಡಕ ರಿಪೇರಿ, ಏನಾದರೂ ಒಂದು ಕೆಲಸ ಇಟ್ಟುಕೊಂಡು ಹೋಗಿ.

ಪ್ರಶ್ನೆ: ಅಮ್ಮ ಕಟ್ಟಿಕೊಟ್ಟ ಮಾವಿನ ಉಪ್ಪಿನಕಾಯಿ ಬಸ್ಸಿನಲ್ಲಿ ಸೋರಿ ಬ್ಯಾಗ್, ಎರಡು ಅಂಗಿ, ಪಕ್ಕದ ಸೀಟಿನವರ ಪ್ಯಾಂಟ್ ಎಲ್ಲ ಎಣ್ಣೆಯಾಯಿತು. ಅಮ್ಮನಿಗೆ ಹೇಳಲಾ? (ವಿಜಯನಗರ, ಬೆಂಗಳೂರು)

ಉತ್ತರ: ಹೇಳಬೇಡಿ. ನಾಳೆಯ ಬಸ್ಸಿಗೇ ಇನ್ನೊಂದು ಡಬ್ಬಿ ಬರುತ್ತೆ.